ಅಮೆರಿಕದಲ್ಲಿ ಸೋತರೂ ಡೇರೆ ಮಡಚಲಿಲ್ಲ: ನಮ್ಮ ದೇಶಕ್ಕೆ ಸರ್ಕಸ್ ಕಟ್ಟಿಕೊಟ್ಟ ಕುದುರೆ ಮಾಸ್ತರ್ ವಿಷ್ಣುಪಂತ್ ಛತ್ರೆ

ಹಾರೋಹಳ್ಳಿ: ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ಶೆಡ್ ಹಾಕಿದವರಿಗೂ ಈ ಮಾತು ಗೊತ್ತು. ಸಾಲ ಮಾಡಿಯಾದರೂ ಮೆಷಿನ್ ತರಬಹುದು, ಅದನ್ನು ಓಡಿಸೋ ಕೈ ಸಿಗೋದೇ ಕಷ್ಟ. ಹೆಚ್ಚು ಕಡಿಮೆ 145 ವರ್ಷಗಳ ಹಿಂದೆ ಇದೇ ಕಷ್ಟ ಸರ್ಕಸ್ ಡೇರೆಯೊಳಗೆ ಒಬ್ಬರಿಗೆ ಎದುರಾಗಿತ್ತು. ಅವರೇ ಭಾರತೀಯ ಸರ್ಕಸ್ಸಿನ ಪಿತಾಮಹ ಅಂತ ಹೆಸರಾದ ವಿಷ್ಣುಪಂತ್ ಮೋರೇಶ್ವರ ಛತ್ರೆ. ಜಾತ್ರೆ ಮೈದಾನದಲ್ಲಿ ಡೇರೆ ಎದ್ದಾಗ ಟಿಕೆಟ್ ತಗೊಂಡು ಒಳಗೆ ಹೋಗಿ, ಮೇಲೆ ಜೋಕಾಲಿಯಿಂದ ಜೋಕಾಲಿಗೆ ಹಾರುವವರನ್ನು ಉಸಿರು ಬಿಗಿಹಿಡಿದು ನೋಡಿದ ಎಲ್ಲರಿಗೂ ಇವರ ಋಣ ಸ್ವಲ್ಪ ಇದೆ.

ಹಾಡು ಕಲಿಯಲು ಹೋದವರು

ಛತ್ರೆ ಹುಟ್ಟಿದ್ದು 1840ರ ದಶಕದಲ್ಲಿ, ಈಗಿನ ಸಾಂಗ್ಲಿ ಜಿಲ್ಲೆಯ ಅಂಕಲಖೋಪದಲ್ಲಿ. ಕೃಷ್ಣಾ ನದಿ ದಡದ ಊರು. ಹುಡುಗನಿಗೆ ಎರಡು ಹುಚ್ಚು. ಒಂದು ಕುದುರೆ, ಇನ್ನೊಂದು ಸಂಗೀತ. ಎರಡನ್ನೂ ಹುಡುಕಿಕೊಂಡು ದೂರದ ಗ್ವಾಲಿಯರ್‌ಗೆ ಹೋದರು. ಅಲ್ಲಿ ಬಾಬಾಸಾಹೇಬ್ ಆಪ್ಟೆ ಅವರ ಬಳಿ ಕುದುರೆ ಸವಾರಿ, ಉಸ್ತಾದ್ ಹದ್ದೂ ಖಾನ್ ಅವರ ಬಳಿ ಹಾಡುಗಾರಿಕೆ ಕಲಿತರು. ಸಂಗೀತ ಕೈಬಿಡಲಿಲ್ಲ, ಆದರೆ ಹೊಟ್ಟೆಪಾಡಿಗೆ ಆಗಿದ್ದು ಕುದುರೆ. ವಾಪಸ್ ಬಂದು ಕುರುಂದವಾಡದ ಸಂಸ್ಥಾನದಲ್ಲಿ ಕುದುರೆ ಲಾಯ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಕುರುಂದವಾಡ ಅಂದರೆ ನಮ್ಮವರು ದತ್ತನ ದರ್ಶನಕ್ಕೆ ಹೋಗುವ ನರಸೋಬನ ವಾಡಿಯ ಪಕ್ಕದ ಊರು. ಬೆಳಗಾವಿ ಜಿಲ್ಲೆಯ ಗಡಿಗೆ ಹತ್ತಿರ.

ಬಾಂಬೆಯ ಪಂಥ

1879ರ ಸುಮಾರಿಗೆ ಇಟಲಿಯ ಜುಸೆಪ್ಪೆ ಕಿಯಾರಿನಿ ಎಂಬುವರ ಸರ್ಕಸ್ ಕಂಪನಿ ಬಾಂಬೆಗೆ ಬಂತು. ಕುದುರೆ ಮೇಲಿನ ಆಟಕ್ಕೆ ಆ ಕಂಪನಿ ಹೆಸರುವಾಸಿ. ಆಗ ನಡೆದದ್ದನ್ನು ಸರ್ಕಸ್ಸಿನವರು ಇಂದಿಗೂ ಕಥೆಯಾಗಿ ಹೇಳುತ್ತಾರೆ. ಭಾರತದವರಿಗೆ ಸ್ವಂತ ಸರ್ಕಸ್ ಕಟ್ಟುವ ತಾಕತ್ತು ಇನ್ನೂ ಬಂದಿಲ್ಲ, ಆರು ತಿಂಗಳಲ್ಲಿ ಈ ಕುದುರೆ ಆಟ ಮಾಡಿ ತೋರಿಸಿದರೆ ಬಹುಮಾನ ಕೊಡುತ್ತೇನೆ ಅಂತ ಕಿಯಾರಿನಿ ಪಂಥ ಕಟ್ಟಿದರಂತೆ. ಛತ್ರೆ ಒಪ್ಪಿಕೊಂಡು ಗೆದ್ದರಂತೆ. ಆಮೇಲೆ ಕಿಯಾರಿನಿ ಕಂಪನಿಯ ಸಾಮಾನನ್ನೇ ಕೊಂಡರು ಅಂತಲೂ ಹೇಳುತ್ತಾರೆ.

ಕಥೆಯಲ್ಲಿ ಸತ್ಯ ಎಷ್ಟೇ ಇರಲಿ, ಕೆಲಸ ಮಾತ್ರ ಆಯಿತು. 1880ರ ಮಾರ್ಚ್ 20ರಂದು ಗ್ರೇಟ್ ಇಂಡಿಯನ್ ಸರ್ಕಸ್ ಮೊದಲ ಪ್ರದರ್ಶನ ಕೊಟ್ಟಿತು. ಕುದುರೆ ಆಟಕ್ಕೆ ಛತ್ರೆ ಅವರೇ ಇಳಿದರು. ಮೇಲಿನ ಜೋಕಾಲಿ ಆಟಕ್ಕೆ ಅವರ ಪತ್ನಿ ಆವಡಾಬಾಯಿ ಹತ್ತಿದರು. ಟ್ರಾಪೀಜ್ ಹತ್ತಿದ ಮೊದಲ ಭಾರತೀಯ ಮಹಿಳೆ ಅಂತ ಸರ್ಕಸ್ ಚರಿತ್ರೆ ಬರೆದವರು ಅವರನ್ನು ಗುರುತಿಸುತ್ತಾರೆ.

ಇದು ಎಂಥ ಸಾಹಸ ಅನ್ನೋದು ತಿಳಿಯಬೇಕಾದರೆ ಒಂದು ಲೆಕ್ಕ ನೋಡಬೇಕು. ಗಾಳಿಯಲ್ಲಿ ಜೋಕಾಲಿಯಿಂದ ಜೋಕಾಲಿಗೆ ಹಾರುವ ಆಟವನ್ನು ಫ್ರಾನ್ಸಿನ ಜೂಲ್ ಲಿಯೋತಾರ್ ಪ್ಯಾರಿಸ್ಸಿನಲ್ಲಿ ಮೊದಲು ಜನರ ಮುಂದೆ ತೋರಿಸಿದ್ದು 1859ರಲ್ಲಿ. ಅಂದರೆ ಆವಡಾಬಾಯಿ ಹಗ್ಗ ಹಿಡಿದಾಗ ಆ ವಿದ್ಯೆಗೇ ಇನ್ನೂ 21 ವರ್ಷ. ಹೆಣ್ಣುಮಕ್ಕಳು ನಾಟಕದ ರಂಗಕ್ಕೂ ಬರದಿದ್ದ ಕಾಲ, ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಅಂಥ ಕಾಲದಲ್ಲಿ ಮನೆಯ ಸೊಸೆ ಡೇರೆಯ ನೆತ್ತಿಗೆ ಹತ್ತಿ ಜೋತಾಡಿದರು.

ಗೆಲುವಿನ ಬೆನ್ನಿಗೆ ಪೆಟ್ಟು

ಕಂಪನಿ ಮೊದಲು ಉತ್ತರ ಭಾರತ ಸುತ್ತಿತು, ದಕ್ಷಿಣಕ್ಕೂ ಸಿಲೋನಿಗೂ ಹೋಯಿತು. ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ಛತ್ರೆ ದೊಡ್ಡ ಕನಸಿಗೆ ಕೈ ಹಾಕಿದರು. ಹಡಗು ಹತ್ತಿ ಅಮೆರಿಕಕ್ಕೆ ಹೊರಟರು.

ಅಲ್ಲಿ ಲೆಕ್ಕ ತಪ್ಪಿತು. ಅಮೆರಿಕದಲ್ಲಿ ಆಗ ಬಾರ್ನಂ ಮತ್ತು ಬೇಲಿಯವರ ಕಾಲ. 1881ರಲ್ಲಿ ಒಂದಾದ ಆ ಕಂಪನಿಯ ಒಂದೇ ಡೇರೆಯೊಳಗೆ ಮೂರು ಕಡೆ ಒಟ್ಟಿಗೆ ಆಟ ನಡೆಯುತ್ತಿತ್ತು. ಆನೆ, ಕುದುರೆ, ಸಾಮಾನು ಎಲ್ಲ ಸ್ವಂತ ರೈಲಿನಲ್ಲಿ ಊರಿಂದೂರಿಗೆ ಸಾಗುತ್ತಿತ್ತು. ಅಂಥವರ ಎದುರು ಕುರುಂದವಾಡದ ಕಂಪನಿ ನಿಲ್ಲಲಾಗಲಿಲ್ಲ. ಪೇಟೆಯ ಮೂಲೆಯ ಕಿರಾಣಿ ಅಂಗಡಿಯ ಎದುರಿಗೇ ದೊಡ್ಡ ಮಾಲ್ ಬಂದಂತೆ. ಪ್ರವಾಸ ಪೂರ್ತಿ ಸೋತಿತು. ಪ್ರಾಣಿ, ಜನ, ಸಾಮಾನು ಕಟ್ಟಿಕೊಂಡು ಸಮುದ್ರ ದಾಟಿ ಬರಿಗೈಲಿ ವಾಪಸ್ ಬರೋದು ಅಂದರೆ ಯಾವ ಮಾಲೀಕನಿಗಾದರೂ ಅಂಗಡಿ ಮುಚ್ಚುವ ಹೊತ್ತು. ಛತ್ರೆ ಮುಚ್ಚಲಿಲ್ಲ. ಊರೂರಿಗೆ ಮತ್ತೆ ಡೇರೆ ಹಾಕಿದರು.

ಗುರುವಿನ ಮಗ ಬೀದಿಯಲ್ಲಿ

ಇದರ ನಡುವೆ ಇನ್ನೊಂದು ಸಂಗತಿ ನಡೆಯಿತು. ಗುರು ಹದ್ದೂ ಖಾನರ ಮಗ ರಹಮತ್ ಖಾನ್ ಅಪರೂಪದ ಗಾಯಕ. ಅಣ್ಣ ಸತ್ತ ಮೇಲೆ ಮನಸ್ಸು ಕದಡಿ, ಅಫೀಮಿಗೆ ಬಿದ್ದು, ಕಾಶಿಯ ಬೀದಿಯಲ್ಲಿ ಅಲೆಯುತ್ತಿದ್ದರು. ಛತ್ರೆ ಅವರನ್ನು ಗುರುತು ಹಿಡಿದು ಜೊತೆಗೆ ಕರೆತಂದರು. ಸರ್ಕಸ್ ಹೋದ ಕಡೆಯೆಲ್ಲ ರಹಮತ್ ಖಾನ್ ಇದ್ದರು, ಅವರ ಕಛೇರಿಗಳೂ ನಡೆದವು. ಊಟ, ಬಟ್ಟೆ, ಅಫೀಮಿನ ಮಿತಿ ಎಲ್ಲ ಛತ್ರೆ ಮನೆಯವರ ಜವಾಬ್ದಾರಿ. ಸಂಗೀತ ಬಲ್ಲವರು ಆಮೇಲೆ ಅದೇ ಮನುಷ್ಯನನ್ನು ಭೂಗಂಧರ್ವ ಅಂತ ಕರೆದರು.

ತಲಶ್ಶೇರಿಯ ಒಪ್ಪಂದ

ಛತ್ರೆ ಅವರ ದೊಡ್ಡ ಕೊರತೆ ಜನ. ಗಾಳಿಯಲ್ಲಿ ಹಾರುವ ಆಟ ನೋಡಿ ಕಲಿಯುವಂಥದ್ದಲ್ಲ. ಕೈ ಬಿಡುವ ಗಳಿಗೆ ಒಂದು ಚಣ ಹೆಚ್ಚು ಕಡಿಮೆ ಆದರೂ ಹಿಡಿಯುವವನ ಕೈಗೆ ಸಿಗುವುದಿಲ್ಲ. ಕೆಳಗೆ ಬಲೆ ಇದ್ದರೂ ಬೀಳೋದಕ್ಕೂ ಕಲಿತಿರಬೇಕು. ಕುತ್ತಿಗೆ ಕೊಟ್ಟು ಬಿದ್ದರೆ ಬಲೆಯೂ ಕಾಪಾಡಲ್ಲ. ಚಿಕ್ಕಂದಿನಿಂದ ವರ್ಷಗಟ್ಟಲೆ ತಾಲೀಮು ಬೇಕು. ಊರೂರು ತಿರುಗುವ ಡೇರೆಯಲ್ಲಿ ಅಷ್ಟು ಪುರುಸೊತ್ತು ಎಲ್ಲಿಂದ?

1880ರ ದಶಕದ ಕೊನೆಯಲ್ಲಿ ಸರ್ಕಸ್ ಮಲಬಾರಿನ ತಲಶ್ಶೇರಿಗೆ ಬಂದಾಗ ಅಲ್ಲಿ ಕೀಲೇರಿ ಕುಂಞಿಕ್ಕಣ್ಣನ್ ಸಿಕ್ಕರು. ಕಳರಿ ವಿದ್ಯೆ ಬಲ್ಲವರು, ಬಾಸೆಲ್ ಮಿಷನ್ ಶಾಲೆಯಲ್ಲಿ ಕಸರತ್ತು ಕಲಿಸುವ ಮೇಷ್ಟ್ರು. ಇಬ್ಬರ ನಡುವೆ ಒಪ್ಪಂದ ಆಯಿತು. ಕುಂಞಿಕ್ಕಣ್ಣನ್ ಹುಡುಗರನ್ನು ತಯಾರು ಮಾಡಬೇಕು, ಛತ್ರೆ ಅವರಿಗೆ ಕೆಲಸ ಕೊಡಬೇಕು. ಈಗಿನ ಮಾತಲ್ಲಿ ಹೇಳಬೇಕಂದರೆ ಐಟಿಐ ಒಂದು ಕಡೆ, ಫ್ಯಾಕ್ಟರಿ ಇನ್ನೊಂದು ಕಡೆ.

1901ರಲ್ಲಿ ತಲಶ್ಶೇರಿ ಹತ್ತಿರದ ಚಿರಕ್ಕರದಲ್ಲಿ ಕುಂಞಿಕ್ಕಣ್ಣನ್ ಸರ್ಕಸ್ ಶಾಲೆಯನ್ನೇ ತೆರೆದರು. 1904ರಲ್ಲಿ ಅವರ ಶಿಷ್ಯ ಪರಿಯಾಳಿ ಕಣ್ಣನ್ ಸ್ವಂತ ಕಂಪನಿ ಕಟ್ಟಿದರು. ಅದು ಹೆಚ್ಚು ದಿನ ಬಾಳಲಿಲ್ಲ, ಆದರೆ ಅದರ ಹಿಂದೆ ಒಂದರ ಮೇಲೊಂದು ಕಂಪನಿ ಎದ್ದವು. ದೇಶದ ಯಾವ ಡೇರೆಗೆ ಹೋದರೂ ತಲಶ್ಶೇರಿ ಕಡೆಯ ಆಟಗಾರರು ಇದ್ದೇ ಇರುತ್ತಿದ್ದ ಕಾಲ ಬಂತು.

ಉಳಿದದ್ದು ಏನು

ಛತ್ರೆ 20ನೇ ಶತಮಾನದ ಮೊದಲ ವರ್ಷಗಳಲ್ಲಿ ತೀರಿಕೊಂಡರು. ಕಂಪನಿಯನ್ನು ಮನೆಯವರಾದ ಕಾಶಿನಾಥಪಂತ್ ನಡೆಸಿದರು. ಕಡೆಗೆ ಅದು ಕಾರ್ಲೇಕರ್ ಗ್ರ್ಯಾಂಡ್ ಸರ್ಕಸ್ ಜೊತೆ ಸೇರಿಹೋಯಿತು. ರಹಮತ್ ಖಾನರನ್ನು ಮಾತ್ರ ಮನೆಯವರು ಕೈಬಿಡಲಿಲ್ಲ. ಅವರು 1922ರಲ್ಲಿ ಕುರುಂದವಾಡದಲ್ಲೇ ಕಣ್ಣು ಮುಚ್ಚಿದರು.

ಛತ್ರೆ ಹಾಕಿದ ಡೇರೆ ಇಂದು ಎಲ್ಲೂ ಇಲ್ಲ. ಅಮೆರಿಕಕ್ಕೆ ಸುರಿದ ದುಡ್ಡು ವಾಪಸ್ ಬರಲಿಲ್ಲ. ಉಳಿದದ್ದು ಕಲಿಸಿದ ವಿದ್ಯೆ ಒಂದೇ. ಮೇಷ್ಟ್ರಿಂದ ಶಿಷ್ಯನಿಗೆ, ಶಿಷ್ಯನಿಂದ ಅವನ ಶಿಷ್ಯನಿಗೆ ದಾಟಿ ಅದು ನೂರು ವರ್ಷಕ್ಕೂ ಹೆಚ್ಚು ಕಾಲ ಸಾವಿರಾರು ಮನೆಗಳ ಒಲೆ ಉರಿಸಿತು. ನಷ್ಟದ ವರ್ಷದಲ್ಲೂ ಕೆಲಸ ಕಲಿಯೋ ಹುಡುಗರನ್ನು ಮನೆಗೆ ಕಳಿಸದೆ ಇಟ್ಟುಕೊಂಡ ಶೆಡ್ ಮಾಲೀಕರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.