ಮುಂಬಯಿ ಸೇವೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರು ಬಂದೊಡನೆ ನಮಗೆ ನೆನಪಾಗುವುದು ಕನ್ನಂಬಾಡಿ. ಆದರೆ ಅವರ ವೃತ್ತಿಜೀವನದ ಮೊದಲ ಎರಡು ದಶಕಗಳಿಗೂ ಹೆಚ್ಚು ಕಾಲ ಸಂದದ್ದು ನಮ್ಮ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಎಂಬುದು ಮುಂಬಯಿ ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮುಗಿಸಿ, 1884ರಲ್ಲಿ ಸಹಾಯಕ ಎಂಜಿನಿಯರಾದರು.

ಖಾನ್‌ದೇಶದಲ್ಲಿ ಪಾಂಝರಾ ನದಿಗೆ ಅಡ್ಡಲಾಗಿ ನೀರಿನ ಕೊಳವೆ ಹಾಯಿಸುವ ಕೆಲಸ ಈ ತರುಣನ ಪಾಲಿಗೆ ಬಂತು. ಮಳೆಗಾಲದ ಪ್ರವಾಹ ಕೆಲಸಕ್ಕೆ ಅಡ್ಡಿಯಾದುದರಿಂದ ಅದನ್ನು ಮುಂದೂಡುವಂತೆ ಸೂಚಿಸಿದರು. ಮೇಲಧಿಕಾರಿಗೆ ಇದು ಅವಿಧೇಯತೆಯಾಗಿ ಕಂಡಿತು. ವಿಶ್ವೇಶ್ವರಯ್ಯನವರು ಮುನಿಸಿಗೆ ಎಡೆಗೊಡದೆ ಪರಿಸ್ಥಿತಿಯನ್ನು ಮತ್ತೊಮ್ಮೆ ತೂಗಿ ನೋಡಿ, ಕಷ್ಟಗಳ ನಡುವೆಯೇ ಕೆಲಸವನ್ನು ಪೂರ್ಣಗೊಳಿಸಿದರು. ಅದೇ ಅಧಿಕಾರಿಯ ಮೆಚ್ಚುಗೆಗೂ ಪಾತ್ರರಾದರು. ಅಡಚಣೆಯನ್ನು ಮೊದಲೇ ತಿಳಿಸುವುದು, ನಿರ್ಧಾರವಾದ ಬಳಿಕ ಮನಃಪೂರ್ವಕವಾಗಿ ದುಡಿಯುವುದು, ಇವೆರಡೂ ಅವರ ದೃಷ್ಟಿಯಲ್ಲಿ ಕರ್ತವ್ಯಗಳೇ ಆಗಿದ್ದವು.

ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ನೀರೊದಗಿಸುವ ಯೋಜನೆಯಲ್ಲಿ ಎದುರಾದದ್ದು ಹಣದ ಕೊರತೆ. ಸೋಸುವ ತೊಟ್ಟಿಗಳನ್ನು ಕಟ್ಟಲು ಪುರಸಭೆಗೆ ಶಕ್ತಿಯಿರಲಿಲ್ಲ. ಆಗ ಅವರು ಸಿಂಧೂ ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನ ಪದರವೇ ನೀರನ್ನು ಸೋಸುವಂತೆ ಮಾಡಿದರು. ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿ, ಅಣೆಕಟ್ಟನ್ನು ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಲ್ಲುವಂತೆ ಮಾಡಿದರು.

ಅರ್ಹತೆಯಿದ್ದರೂ ಮುಖ್ಯ ಎಂಜಿನಿಯರ್ ಪದವಿ ದೊರೆಯುವ ಸಂಭವ ಕಾಣದಿದ್ದಾಗ, ಕಹಿಯನ್ನು ಬೆಳೆಸಿಕೊಳ್ಳದೆ ಸೇವೆಯಿಂದ ನಿವೃತ್ತಿ ಬಯಸಿದರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ತತ್ತರಿಸಿದಾಗ ನಿಜಾಮರ ಸರ್ಕಾರ ಅವರನ್ನೇ ಕರೆಸಿತು. ಅವರು ಮೊದಲು ಮಳೆಯ ಪ್ರಮಾಣವನ್ನೂ ನದಿಯ ಹರಿವನ್ನೂ ಅಭ್ಯಸಿಸಿ, ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಲು ಸಲಹೆಯಿತ್ತರು. ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು ಅದರ ಫಲ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ, 1912ರಿಂದ 1918ರವರೆಗೆ ದಿವಾನರಾಗಿ ಅವರು ಮಾಡಿದ ಸೇವೆ ನಾಡಿಗೆಲ್ಲ ತಿಳಿದುದೇ ಆಗಿದೆ.

ಮುಂಬಯಿಯ ನಂಟು ಅಲ್ಲಿಗೆ ಮುಗಿಯಲಿಲ್ಲ. ಬ್ಯಾಕ್‌ಬೇಯಲ್ಲಿ ಸಮುದ್ರ ತುಂಬಿ ನೆಲ ಪಡೆಯುವ ಯೋಜನೆಯ ವೆಚ್ಚ ಅಂದಾಜನ್ನು ಮೀರಿ ಬೆಳೆದಾಗ, 1926ರ ವಿಚಾರಣಾ ಸಮಿತಿಯಲ್ಲಿ ಅವರೂ ಸದಸ್ಯರಾಗಿದ್ದರು. ಮೋಟಾರು ಕಾರ್ಖಾನೆಯ ಕನಸನ್ನು ಮೈಸೂರು, ಮುಂಬಯಿಗಳಲ್ಲಿ ಬೆನ್ನಟ್ಟಿದವರೂ ಅವರೇ. 1955ರಲ್ಲಿ ಭಾರತರತ್ನರಾದ ಅವರು 1962ರಲ್ಲಿ ತುಂಬುಜೀವನ ಮುಗಿಸಿದರು.

ಕಚೇರಿ, ಕಾರ್ಖಾನೆಗಳಲ್ಲಿ ಅವಸರದ ನಡುವೆ ತಂಡದೊಡನೆ ದುಡಿಯುವ ನಮ್ಮ ಮಕ್ಕಳಿಗೆ ಈ ಬಾಳು ಒಂದು ಪಾಠ. ಒತ್ತಡ ಎಷ್ಟೇ ಇರಲಿ, ಮೊದಲು ಅರಿಯಬೇಕು, ಬಳಿಕ ನಿರ್ಧರಿಸಬೇಕು, ನಿರ್ಧರಿಸಿದ ಮೇಲೆ ಹಿಂಜರಿಯಬಾರದು.