ವಚನಪಿತಾಮಹ ಫ. ಗು. ಹಳಕಟ್ಟಿಯವರ ಕಾಯಕಜೀವನ

ಹೊಸ ಕಾರ್ಯಕ್ಕೆ ಕೈಯಿಕ್ಕುವಾಗ ಮನುಷ್ಯನ ಮನಸ್ಸು ಅಳುಕುವುದು ಸಹಜವು. ಮೊದಲು ಧೈರ್ಯ ಬರಲಿ, ಆಮೇಲೆ ತೊಡಗೋಣವೆಂದು ಕಾಯುವವರೇ ಬಹಳ ಮಂದಿ. ಹಾಗೆ ಕಾಯುತ್ತಿರುವಾಗಲೇ ಆಯುಷ್ಯವು ಸವೆದುಹೋಗುವುದು. ಧೈರ್ಯವೆಂಬುದು ಕೆಲಸಕ್ಕಿಂತ ಮುಂಚೆ ಬರತಕ್ಕ ವಸ್ತುವಲ್ಲ, ಮಾಡಿದ ಕೆಲಸದಿಂದಲೇ ಹುಟ್ಟತಕ್ಕದ್ದು. ಈ ಮಾತಿಗೆ ನಿದರ್ಶನವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಆಳಂದದಿಂದ ಅಫಜಲಪುರದ ಮಾರ್ಗವಾಗಿ ಭೀಮಾನದಿಯನ್ನು ದಾಟಿದರೆ ವಿಜಾಪುರದ ಸೀಮೆಯು ತೊಡಗುವುದು. ೧೯೫೬ನೆಯ ಇಸವಿಯವರೆಗೆ ಆ ಸೀಮೆಯು ಮುಂಬಯಿಯ ಆಡಳಿತಕ್ಕೂ, ಆಳಂದ, ಅಫಜಲಪುರ, ಜೇವರ್ಗಿಗಳು ಹೈದರಾಬಾದಿಗೂ ಸೇರಿದ್ದವು. ಆಳುವವರು ಬೇರೆಯಾಗಿದ್ದರೂ ಎರಡು ಕಡೆಯ ಜನರ ನುಡಿಯೊಂದೇ, ನಂಬಿದ ಶರಣರೂ ಒಬ್ಬರೇ. ಆ ಶರಣರ ವಾಣಿಯನ್ನು ಓಲೆಯ ಕಟ್ಟುಗಳಿಂದ ಬಿಡಿಸಿ ಮನೆಮನೆಗೆ ಮುಟ್ಟಿಸಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲರಾಗಿದ್ದರು.

ಹಳಕಟ್ಟಿಯವರು ೧೮೮೦ನೆಯ ಇಸವಿ ಜುಲೈ ೨ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರೂ ಲೇಖಕರೂ ಆಗಿದ್ದರು. ತಾಯಿ ದಾನಮ್ಮನವರು ಮಗನ ಎಳವೆಯಲ್ಲಿಯೇ ತೀರಿಕೊಂಡದ್ದರಿಂದ ಅವರು ಅಜ್ಜಿಯ ಆರೈಕೆಯಲ್ಲಿ ಬೆಳೆದರು. ಧಾರವಾಡದ ಶಿಕ್ಷಣ ಮುಗಿದ ತರುವಾಯ ಮುಂಬಯಿಗೆ ಹೋಗಿ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಅಲ್ಲಿ ಮರಾಠಿಗರೂ ಗುಜರಾತಿಗಳೂ ತಂತಮ್ಮ ಭಾಷೆಯಲ್ಲಿಟ್ಟ ಅಭಿಮಾನವನ್ನು ಕಂಡು, ಕನ್ನಡದ ಅಂದಿನ ಸ್ಥಿತಿಯನ್ನು ನೆನೆದು ಅವರ ಮನಸ್ಸು ನೊಂದಿತು. ಆಲೂರು ವೆಂಕಟರಾಯರ ಪರಿಚಯವೂ ಆ ದಿನಗಳಲ್ಲಿಯೇ ಆಯಿತು. ೧೯೦೧ರಲ್ಲಿ ಬಿ. ಎ. ಪದವಿಯನ್ನೂ ೧೯೦೪ರಲ್ಲಿ ಕಾಯದೆಯ ಪದವಿಯನ್ನೂ ಪಡೆದು, ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ನಡೆಸಿ, ಬಳಿಕ ವಿಜಾಪುರಕ್ಕೆ ಬಂದು ನೆಲೆಸಿದರು.

ಆ ಕಾಲದಲ್ಲಿ ವಕೀಲಿಯೆಂದರೆ ಮಾನವೂ ಧನವೂ ಕೂಡಿ ಬರುವ ಉದ್ಯೋಗ. ಅದೊಂದನ್ನೇ ನೆಚ್ಚಿಕೊಂಡಿದ್ದರೆ ಹಳಕಟ್ಟಿಯವರು ಸುಖವಾಗಿ ಬಾಳಬಹುದಾಗಿತ್ತು. ಆದರೆ ಬರಗಾಲದ ಆ ಜಿಲ್ಲೆಯಲ್ಲಿ ಶಾಲೆಗಳ ಕೊರತೆ, ರೈತನಿಗೂ ಸಣ್ಣ ವ್ಯಾಪಾರಿಗೂ ಸಾಲದ ಬಾಧೆ ಇವು ಅವರ ಕಣ್ಣಿಗೆ ಬಿದ್ದವು. ೧೯೧೦ರಲ್ಲಿ ವಿಜಾಪುರದ ಲಿಂಗಾಯತ ಜಿಲ್ಲಾ ವಿದ್ಯಾವರ್ಧಕ ಸಂಸ್ಥೆಯನ್ನೂ ೧೯೧೨ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟುವುದರಲ್ಲಿ ಅವರು ಮುಂದಾಳಾದರು. ಶಾಲೆ ನಡೆಸುವುದನ್ನಾಗಲಿ ಬ್ಯಾಂಕು ನಡೆಸುವುದನ್ನಾಗಲಿ ಅವರಿಗೆ ಯಾರೂ ಕಲಿಸಿರಲಿಲ್ಲ. ಚಿಕ್ಕದಾಗಿ ತೊಡಗಿ, ತಪ್ಪಿದುದನ್ನು ತಿದ್ದಿ, ನಿಂತುದನ್ನು ಬೆಳೆಸುವುದು ಅವರ ಕ್ರಮವಾಗಿತ್ತು. ಒಂದು ಸಂಸ್ಥೆ ಕಾಲೂರಿದ ಮೇಲೆಯೇ ಇನ್ನೊಂದಕ್ಕೆ ಕೈಯಿಟ್ಟರು.

ಇದಕ್ಕಿಂತ ಕಠಿನವಾದ ಕಾರ್ಯವು ಓಲೆಗರಿಗಳ ರೂಪದಲ್ಲಿ ಎದುರಾಯಿತು. ಶರಣರ ವಚನಗಳು ಆಗ ಮಠಗಳ ಮೂಲೆಗಳಲ್ಲಿ, ಭಕ್ತರ ಮನೆಯ ಜಗುಲಿಗಳ ಮೇಲೆ ತಾಡವೋಲೆಯ ಕಟ್ಟುಗಳಾಗಿ ಪೂಜೆಗೊಳ್ಳುತ್ತಿದ್ದವಲ್ಲದೆ ಓದುವವರು ವಿರಳ. ಓಲೆಯ ಬರಹದಲ್ಲಿ ಪದಪದಗಳ ನಡುವೆ ತೆರಪಿಲ್ಲ, ಅಕ್ಷರಗಳು ಒಂದಕ್ಕೊಂದು ಹತ್ತಿ ಸಾಗುವವು. ಎಷ್ಟೋ ಗರಿಗಳನ್ನು ಹುಳು ತಿಂದಿದ್ದಿತು. ಒಬ್ಬ ಶರಣನ ವಚನವು ಇನ್ನೊಬ್ಬನ ವಚನಗಳೊಡನೆ ಬೆರೆತುಹೋದದ್ದೂ ಉಂಟು. ಹಳಕಟ್ಟಿಯವರು ಪಂಡಿತವೃತ್ತಿಯವರಲ್ಲ, ಹಳಗನ್ನಡದ ಅಧ್ಯಾಪಕರೂ ಅಲ್ಲ. ಆದರೂ ಅವರು ಹಿಂಜರಿಯಲಿಲ್ಲ. ನ್ಯಾಯಾಲಯದಲ್ಲಿ ಕಾಗದಪತ್ರಗಳನ್ನು ಒಂದಕ್ಕೊಂದು ತಾಳೆ ನೋಡಿ ನಿಜವನ್ನು ನಿಶ್ಚಯಿಸಿದ ಕಣ್ಣೇ ಇಲ್ಲಿಯೂ ಉಪಯೋಗಕ್ಕೆ ಬಂದಿತು. ಪ್ರತಿಗೆ ಪ್ರತಿಯನ್ನು ಹೋಲಿಸಿದರು, ಅಂಕಿತವನ್ನು ಹಿಡಿದು ಕರ್ತೃವನ್ನು ಗುರುತಿಸಿದರು, ಸಾಲುಸಾಲಾಗಿ ಕಾಗದಕ್ಕೆ ಇಳಿಸಿದರು. ಸೈಕಲ್ಲೇರಿ ಹಳ್ಳಿಯಿಂದ ಹಳ್ಳಿಗೆ ಹೋಗಿ ಓಲೆಗಳನ್ನು ಕೇಳಿ ತರುತ್ತಿದ್ದರೆಂದು ಆ ಸೀಮೆಯ ಹಿರಿಯರು ಹೇಳುತ್ತ ಬಂದಿರುವರು. ಹೀಗೆ ಹಳೆಯ ಉದ್ಯೋಗದಲ್ಲಿ ಪಡೆದ ಪಳಗಿಕೆಯನ್ನು ಅವರು ಹೊಸ ಕಾಯಕಕ್ಕೆ ಬಂಡವಾಳವಾಗಿ ತಂದರು.

೧೯೨೨ರಲ್ಲಿ ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವು ಅವರಿಂದ ಇಂಡಿಯನ್ ಆಂಟಿಕ್ವರಿ ಎಂಬ ವಿದ್ವತ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ಕಾಲದಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗದ ಹಸ್ತಪ್ರತಿಯೂ ಸಿದ್ಧವಾಗಿತ್ತು. ಅದನ್ನು ಅಚ್ಚು ಹಾಕಿಸಲು ಮಂಗಳೂರಿನ ಹೆಸರಾಂತ ಮುದ್ರಣಾಲಯವೊಂದಕ್ಕೆ ಕಳುಹಿಸಿದರೆ, ಅದು ಮುದ್ರಣವಾಗದೆ ಹಿಂದಿರುಗಿ ಬಂದಿತು. ವರ್ಷಗಳ ಶ್ರಮವು ಹೀಗೆ ಮನೆಬಾಗಿಲಿಗೆ ಮರಳಿದಾಗ ಎಂಥವನ ಉತ್ಸಾಹವಾದರೂ ಕುಂದದೆ ಇರದು. ಅವರು ಆ ಕಟ್ಟನ್ನು ಅಟ್ಟಕ್ಕೆ ಹಾಕಲಿಲ್ಲ. ಬೆಳಗಾವಿಯ ಮಹಾವೀರ ಮುದ್ರಣಾಲಯಕ್ಕೆ ಕೊಟ್ಟರು. ೧೯೨೩ರಲ್ಲಿ ಗ್ರಂಥವು ಬೆಳಕು ಕಂಡಿತು.

ಈ ಅನುಭವದಿಂದ ಅವರಿಗೆ ಒಂದು ವಿಷಯ ಸ್ಪಷ್ಟವಾಯಿತು. ಪರರ ಮುದ್ರಣಾಲಯವನ್ನು ನೆಚ್ಚಿಕೊಂಡಿದ್ದರೆ ಉಳಿದ ಓಲೆಗಳು ಹುಳುವಿನ ಪಾಲಾಗುವವರೆಗೂ ಕಾಯಬೇಕಾದೀತು. ತಮ್ಮದೇ ಮುದ್ರಣಾಲಯ ಬೇಕು. ಅದಕ್ಕೆ ಹಣ ಬೇಕು. ಇದ್ದ ಸ್ವಂತ ಮನೆಯನ್ನು ಮಾರಿ ೧೯೨೫ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಆಗ ಅವರ ವಯಸ್ಸು ನಾಲ್ವತ್ತೈದು. ಗೃಹಸ್ಥನೊಬ್ಬನು ಸಂಪಾದನೆಯನ್ನು ಭದ್ರಪಡಿಸಿಕೊಂಡು ಮಕ್ಕಳ ಮುಂದಿನ ಯೋಚನೆ ಮಾಡುವ ವಯಸ್ಸದು. ಆ ವಯಸ್ಸಿನಲ್ಲಿ ಅವರು ಅಚ್ಚಿನ ಮೊಳೆ, ಮಸಿ, ಕಾಗದಗಳ ಲೆಕ್ಕವನ್ನು ಹೊಸದಾಗಿ ಕಲಿತರು, ಕರಡು ತಿದ್ದಿದರು. ಬಾಡಿಗೆಯ ಮನೆಯ ವಾಸವನ್ನೂ ಕೈಬಿಗಿತದ ಬಾಳನ್ನೂ ಮನೆಯವರು ಅವರೊಂದಿಗೆ ಹೊತ್ತರು. ಸಾಹಸದ ಭಾರವು ಸಾಹಸಿಯೊಬ್ಬನ ಹೆಗಲ ಮೇಲೆ ಮಾತ್ರ ಬೀಳುವುದಿಲ್ಲವೆಂಬುದನ್ನು ಮರೆಯಲಾಗದು.

ಆದರೆ ಇದು ದುಡುಕಿನ ಹೆಜ್ಜೆಯಾಗಿರಲಿಲ್ಲ. ಹಿಂದೆ ಕಟ್ಟಿದ ಶಾಲೆ, ಬ್ಯಾಂಕು, ಹೊರತಂದ ಗ್ರಂಥ ಇವೆಲ್ಲವೂ ಆ ಹೆಜ್ಜೆಗೆ ಮೆಟ್ಟಿಲುಗಳಾಗಿದ್ದವು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನೂ ೧೯೨೭ರಲ್ಲಿ ನವಕರ್ನಾಟಕ ವಾರಪತ್ರಿಕೆಯನ್ನೂ ಹೊರಡಿಸಿದರು. ಶಿವಾನುಭವವು ಮೂವತ್ತು ವರ್ಷಗಳಿಗೂ ಮಿಕ್ಕಿ ನಡೆಯಿತು. ಮನೆ ಮಾರಿದ ಮರುವರ್ಷವೇ, ಎಂದರೆ ೧೯೨೬ರಲ್ಲಿ, ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಅವರ ಪ್ರಕಟಣೆಗಳಿಗೆ ಮುಂಚೆ ಐವತ್ತರಷ್ಟು ವಚನಕಾರರ ಹೆಸರುಗಳು ಮಾತ್ರ ತಿಳಿದಿದ್ದವೆಂದೂ ಅವರ ಶ್ರಮದಿಂದ ಆ ಸಂಖ್ಯೆ ಇನ್ನೂರೈವತ್ತನ್ನು ಮೀರಿತೆಂದೂ ಬಲ್ಲವರು ಹೇಳುವರು. ಹರಿಹರಕವಿಯ ರಗಳೆಗಳೂ ಅವರಿಂದ ಮುದ್ರಣ ಕಂಡವು. ಆಳಂದದಲ್ಲಿ ಹುಟ್ಟಿ ಅಬ್ಬಲೂರಿನವರೆಗೆ ನಡೆದ ಶರಣ ಏಕಾಂತದ ರಾಮಯ್ಯನ ಚರಿತ್ರೆಯನ್ನು ಹಾಡಿದ ಕವಿಯೂ ಆ ಹರಿಹರನೇ. ಆದುದರಿಂದ ಭೀಮೆಯ ಆಚೆಯ ಈ ಕಾಯಕದ ಋಣವು ಈಚೆಯವರ ಮೇಲೂ ಇರುವುದು.

ಕೀರ್ತಿ ಬಂದರೂ ಸಂಪತ್ತು ಬರಲಿಲ್ಲ. ಹಳಕಟ್ಟಿಯವರು ಸರಳವಾದ ಉಡುಪಿನಲ್ಲಿ, ಮಿತವಾದ ಊಟದಲ್ಲಿ ಕಾಲ ಕಳೆದು, ಮುಪ್ಪಿನಲ್ಲಿಯೂ ಬರಹವನ್ನು ಬಿಡಲಿಲ್ಲ. ೧೯೫೬ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ೧೯೬೪ನೆಯ ಇಸವಿ ಜೂನ್ ೨೯ರಂದು ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಜುಲೈ ೨ನ್ನು ನಾಡು ಈಗ ವಚನಸಂರಕ್ಷಣೆಯ ದಿನವೆಂದು ಆಚರಿಸುತ್ತಿರುವುದು.

ಕಾಯಕದಲ್ಲಿ ಮುಂದುವರಿಯುವುದೆಂದರೆ ಸಂಬಳವಾಗಲಿ ಪದವಿಯಾಗಲಿ ಏರುವುದಷ್ಟೇ ಎಂದು ತಿಳಿದವರಿಗೆ ಈ ಜೀವನವು ಇಳಿತದಂತೆ ತೋರಬಹುದು. ವಕೀಲನು ಮುದ್ರಕನಾದನು, ಮನೆಯುಳ್ಳವನು ಬಾಡಿಗೆಯವನಾದನು. ಆದರೆ ಕಲಿಯದ ಕೆಲಸವನ್ನು ಕಲಿತು, ಹಿಂದಿರುಗಿ ಬಂದುದನ್ನು ಮತ್ತೆ ಮುಂದಕ್ಕೆ ಕಳುಹಿಸಿ, ಒಂದು ಕೆಲಸದಿಂದ ಬಂದ ಬಲವನ್ನು ಮತ್ತೊಂದಕ್ಕೆ ಹೂಡುತ್ತ ಹೋದವನ ಏರಿಕೆಯನ್ನು ಅಳೆಯುವ ಕೋಲು ಬೇರೆಯೇ ಇರುವುದು. ಈ ಸೀಮೆಯ ತರುಣರು ಮಠದಲ್ಲಿ ವಚನದ ಪುಸ್ತಕವನ್ನು ಕೈಗೆತ್ತಿಕೊಂಡಾಗ, ಅದರ ಹಿಂದೆ ಮಾರಿಹೋದ ಒಂದು ಮನೆಯಿರುವುದೆಂಬುದನ್ನು ನೆನೆಯಲಿ. ತಮಗೆ ಒದಗಿದ ಹೊಸ ಕಾಯಕವು ಚಿಕ್ಕದಾದರೂ ಅದನ್ನು ಇಂದೇ ತೊಡಗಲಿ.