ಗುಲಾಮರ ಸೇವಕ ಸಂತ ಪೀಟರ್ ಕ್ಲಾವರ್

ಸ್ವಾತಂತ್ರ್ಯವೆಂದರೆ ಯಾರ ಅಂಕೆಗೂ ಒಳಗಾಗದೆ ಮನಬಂದಂತೆ ಬಾಳುವುದೆಂದು ನಾವು ಬಗೆಯುವುದುಂಟು. ಸಂತ ಪೌಲರಾದರೋ ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ಕ್ರಿಸ್ತರಿಂದ ದೊರೆತ ಸ್ವಾತಂತ್ರ್ಯವನ್ನು ಪರರ ಸೇವೆಗೆ ವಿನಿಯೋಗಿಸಬೇಕೆಂದು ಬೋಧಿಸಿದರು. ಈ ಬೋಧನೆಯನ್ನು ಅಕ್ಷರಶಃ ಬಾಳಿದವರು ಸಂತ ಪೀಟರ್ ಕ್ಲಾವರ್. ಧರ್ಮಸಭೆಯು ಅವರನ್ನು ಸೆಪ್ಟೆಂಬರ್ 9ರಂದು ಸ್ಮರಿಸುತ್ತದೆ.

ಸ್ಪೇನ್ ದೇಶದ ಕ್ಯಾಟಲೋನಿಯಾ ಪ್ರಾಂತ್ಯದ ವೆರ್ದು ಎಂಬಲ್ಲಿ 1580ರಲ್ಲಿ ಜನಿಸಿದ ಪೀಟರ್, 1602ರಲ್ಲಿ ಯೇಸುಸಭೆಯನ್ನು ಸೇರಿದರು. ಮಯೋರ್ಕಾ ದ್ವೀಪದ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರ ಬಾಳಿಗೆ ದಿಕ್ಕು ತೋರಿದವರು ಅಲ್ಲಿನ ಬಾಗಿಲು ಕಾಯುತ್ತಿದ್ದ ವೃದ್ಧ ಸಹೋದರ ಅಲ್ಫೋನ್ಸಸ್ ರೊಡ್ರಿಗಸ್. ಅವರ ಪ್ರೇರಣೆಯಿಂದ ಪೀಟರ್ 1610ರಲ್ಲಿ ಕಡಲು ದಾಟಿ ಇಂದಿನ ಕೊಲಂಬಿಯಾ ದೇಶಕ್ಕೆ ತೆರಳಿ, 1616ರಲ್ಲಿ ಕಾರ್ತಾಹೇನಾ ನಗರದಲ್ಲಿ ಗುರುದೀಕ್ಷೆ ಪಡೆದರು.

ಕಾರ್ತಾಹೇನಾ ಆಗ ಗುಲಾಮರ ವ್ಯಾಪಾರದ ದೊಡ್ಡ ಬಂದರು. ಆಫ್ರಿಕಾದಿಂದ ಹಿಡಿದು ತಂದ ಸಾವಿರಾರು ಜನರು ಹಡಗುಗಳ ತಳಭಾಗದಲ್ಲಿ ಸರಪಳಿಗಳಿಂದ ಬಂಧಿತರಾಗಿ ಬರುತ್ತಿದ್ದರು. ಅನೇಕರು ದಾರಿಯಲ್ಲೇ ಸಾಯುತ್ತಿದ್ದರು. ಹಡಗು ಬಂದ ಸುದ್ದಿ ತಿಳಿದೊಡನೆ ಕ್ಲಾವರ್ ಹಣ್ಣು, ರೊಟ್ಟಿ, ಔಷಧಗಳೊಡನೆ ಅಲ್ಲಿಗೆ ಧಾವಿಸುತ್ತಿದ್ದರು. ಮೊದಲು ಮರಣಾಸನ್ನರನ್ನು ಕಂಡು, ಹುಣ್ಣು ತೊಳೆದು, ತಮ್ಮ ಮೇಲಂಗಿಯನ್ನೇ ಹೊದಿಸುತ್ತಿದ್ದರು. ಬಳಿಕ ದುಭಾಷಿಗಳ ನೆರವಿನಿಂದ, ಚಿತ್ರಗಳನ್ನು ತೋರಿಸಿ ಧರ್ಮಬೋಧನೆ ಮಾಡುತ್ತಿದ್ದರು. ಪಾಪನಿವೇದನೆಗೆ ಗುಲಾಮರಿಗೇ ಮೊದಲ ಸರದಿ, ಸಿರಿವಂತರು ಕಾಯಬೇಕಿತ್ತು. ತೋಟಗಳಿಗೆ ಹೋದಾಗಲೂ ಒಡೆಯರ ಮನೆಯ ಆತಿಥ್ಯವನ್ನೊಲ್ಲದೆ ಗುಲಾಮರ ಗುಡಿಸಲಿನಲ್ಲಿ ತಂಗುತ್ತಿದ್ದರು. 1622ರಲ್ಲಿ ಅಂತಿಮ ವ್ರತವನ್ನು ಸ್ವೀಕರಿಸುವಾಗ, ತಾವು ಸದಾಕಾಲಕ್ಕೂ ಆಫ್ರಿಕನ್ನರ ಗುಲಾಮರೆಂದು ಬರೆದು ಸಹಿ ಮಾಡಿದರು.

ಒಂದು ಸತ್ಯವನ್ನು ನಾವು ಮರೆಮಾಚಲಾಗದು. ಅವರ ದುಭಾಷಿಗಳು ಸ್ವತಃ ಯೇಸುಸಭೆಯ ಕಾಲೇಜಿನ ಒಡೆತನದ ಗುಲಾಮರಾಗಿದ್ದರು. ಗುಲಾಮಗಿರಿಯ ವ್ಯವಸ್ಥೆಯನ್ನೇ ಕಿತ್ತೊಗೆಯುವ ಹೋರಾಟವನ್ನು ಕ್ಲಾವರ್ ನಡೆಸಲಿಲ್ಲ. ಆ ನಾಡಿನಲ್ಲಿ ಅದನ್ನು ರದ್ದುಗೊಳಿಸುವ ಕಾನೂನು ಬಂದದ್ದು 1851ರಲ್ಲಿ. ಆದರೂ ಮನುಷ್ಯರನ್ನು ಸರಕೆಂದು ಎಣಿಸಿದ ಪೇಟೆಯಲ್ಲಿ, ಅವರ ಮುಂದೆ ಮಂಡಿಯೂರಿ ಸೇವೆ ಮಾಡಿದ ಗುರುವನ್ನು ಕಂಡ ಒಡೆಯರಿಗೆ ಇರಿಸುಮುರಿಸಾಗದೆ ಇರಲಿಲ್ಲ.

1650ರಲ್ಲಿ ಸಾಂಕ್ರಾಮಿಕ ರೋಗಕ್ಕೆ ತುತ್ತಾದ ಕ್ಲಾವರ್ ಚೇತರಿಸಿಕೊಳ್ಳಲಿಲ್ಲ. ಕೈಕಾಲು ನಡುಗುತ್ತಾ ನಾಲ್ಕು ವರ್ಷ ಕೋಣೆಯಲ್ಲೇ ಉಳಿದರು. ನಗರವು ಅವರನ್ನು ಮರೆಯಿತು, ಆರೈಕೆಗೆ ನೇಮಿಸಲ್ಪಟ್ಟವನೂ ಅಲಕ್ಷಿಸಿದ. ಅವರು ದೂರಲಿಲ್ಲ. 1654ರ ಸೆಪ್ಟೆಂಬರ್ 8ರಂದು, ನಮ್ಮ ಕರಾವಳಿಯಲ್ಲಿ ಮೊಂತಿ ಹಬ್ಬವಾಗಿ ಆಚರಿಸುವ ಮರಿಯ ಮಾತೆಯ ಜನನೋತ್ಸವದ ದಿನ, ದೈವಾಧೀನರಾದರು. 1888ರಲ್ಲಿ ಪೋಪ್ 13ನೆಯ ಲಿಯೋ ಅವರು ಕ್ಲಾವರ್ ಹಾಗೂ ಬಾಗಿಲು ಕಾಯುತ್ತಿದ್ದ ಅಲ್ಫೋನ್ಸಸ್ ಇಬ್ಬರನ್ನೂ ಒಂದೇ ದಿನ ಸಂತರೆಂದು ಘೋಷಿಸಿದರು.

ನಮ್ಮ ಮನೆಗೆಲಸದವರು, ದೂರದ ಊರಿನಿಂದ ಬಂದು ನಮ್ಮ ಕಟ್ಟಡಗಳಿಗೆ ಕಲ್ಲು ಹೊರುವವರು ನಮ್ಮ ನಡುವೆಯೇ ಇದ್ದಾರೆ. ಅವರ ಹೆಸರನ್ನಾದರೂ ನಾವು ಕೇಳಿದ್ದೇವೆಯೇ? ಈ ಸಂತರ ಸ್ಮರಣೆಯ ದಿನ ಅಲ್ಲಿಂದಲೇ ಆರಂಭಿಸೋಣ.